ಬರ್ನಿಸ್ ಎಳೆದ ಕೆಂಪು ಗೆರೆ

ಬರ್ನಿಸ್ ಪಾಸ್ತೊರೆಕ್‌ಳ ಬಾಯಿಗೆ ಸಿಕ್ಕಿ ಸುಮ್ಮನೆ ಉಳಿದುಬಂದವರು ನಮ್ಮ ಕಾರ್ವರ್ಸ್ ಲ್ಯಾಂಡಿಂಗ್ ಊರಿನಲ್ಲಿ ಯಾರೂ ಇಲ್ಲ. ಪಾದ್ರಿಯನ್ನೂ ಬಿಟ್ಟವಳಲ್ಲ. ಭಾನುವಾರದ ಪ್ರಸಂಗ ಉದ್ದವಾಯಿತೆಂದರೆ ಮುಂದಿನ ಸಾಲಿನಲ್ಲೇ ಕೂತು ಕೈಗಡಿಯಾರವನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದಳು, ನಿಂತುಹೋಗಿದೆಯೋ ಏನೋ ಎಂಬಂತೆ. ಮನಸ್ಸು ಮಾತ್ರ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಿದ್ದರು. ಬಾಯಿ ಕೆಟ್ಟವರ ಬಗ್ಗೆ ಜನ ಹಾಗೆ ಹೇಳುವುದು ಎಲ್ಲ ಕಡೆಯೂ ಇದ್ದದ್ದೇ. ಆ ಒಳ್ಳೆಯ ಮನಸ್ಸು ಎದುರಿಗಿದ್ದವರಿಗೆ ಕಾಣಿಸಿತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ನದಿದಂಡೆಯ ಉಕ್ಕಿನ ಕಾರ್ಖಾನೆ ಬಾಗಿಲು ಹಾಕಿದ ವರ್ಷ ಅವಳ ಗಂಡ ಕೆಲಸ ಹುಡುಕಿಕೊಂಡು ಟೆಕ್ಸಾಸಿಗೆ ಹೋದ. ಕೆಲಸ ಸಿಕ್ಕಿತು, ಬೇರೆ ಹೆಂಡತಿಯೂ ಸಿಕ್ಕಿದಳು. ಬರ್ನಿಸ್ ಅಳಲಿಲ್ಲ. ಮನೆಯ ನೆಲಮಾಳಿಗೆಯಲ್ಲಿ, ಗಂಡ ಕಾರ್ಖಾನೆಯಿಂದ ಬಂದು ಮಸಿ ತೊಳೆದುಕೊಳ್ಳುತ್ತಿದ್ದ ತೊಟ್ಟಿಯನ್ನೇ ಉಜ್ಜಿ ಬೆಳ್ಳಗೆ ಮಾಡಿ, ಎರಡು ಕುರ್ಚಿ, ಒಂದು ದೊಡ್ಡ ಕನ್ನಡಿ, ತಲೆಗೆ ಬುಟ್ಟಿ ಕವುಚಿದಂತೆ ಕೂರುವ ಒಂದು ಡ್ರೈಯರ್ ತಂದು ಪಾರ್ಲರ್ ತೆರೆದಳು. ಕೂದಲಿನ ಬಣ್ಣ ನೆಲಕ್ಕೆ ತೊಟ್ಟಿಕ್ಕಬಾರದೆಂದು ಹಾಸಲು ಹಳೆಯ ಪೇಪರುಗಳನ್ನು ಊರೆಲ್ಲ ತಿರುಗಿ ತಂದು ಗೋಡೆಗೆ ಒಟ್ಟಿದಳು. ಆ ರಾಶಿ ಮಾಳಿಗೆಯ ತೊಲೆ ಮುಟ್ಟುತ್ತಿತ್ತು. ಬುಧವಾರ ವಯಸ್ಸಾದ ಹೆಂಗಸರ ದಿನ. ವಾರಕ್ಕೊಮ್ಮೆ ತಲೆ ತೊಳೆಸಿಕೊಂಡು, ಕೂದಲು ಗುಂಗುರಾಗಲು ರೋಲರ್ ಸುತ್ತಿಸಿಕೊಂಡು, ಉಗುರಿಗೆ ಬಣ್ಣ ಹಚ್ಚಿಸಿಕೊಂಡು, ಊರಿನ ಸುದ್ದಿಯನ್ನೆಲ್ಲ ಜಾಲಾಡಿ ಹೋಗುತ್ತಿದ್ದರು.

ಬೆಕ್ಕಿನ ಉಗುರಿನ ವಿಷಯ ಅವಳ ತಲೆಗೆ ಹೊಕ್ಕಿದ್ದು ಲೂಸಿಯಿಂದ. ಪಕ್ಕದ ಮನೆಯ ಮುದುಕಿ ತೀರಿಕೊಂಡಾಗ ಅವಳ ಬಿಳಿ ಬೆಕ್ಕು ಲೂಸಿಯನ್ನು ಯಾರೂ ಕೇಳುವವರಿಲ್ಲದೆ ಬರ್ನಿಸ್ ಎತ್ತಿಕೊಂಡು ಬಂದಳು. ಅದು ಕಾದ ಹಂಚಿನ ಮೇಲೆ ನಡೆಯುವ ಹಾಗೆ ನಡೆಯುತ್ತಿತ್ತು. ಸೋಫಾದಿಂದ ಇಳಿಯುವ ಮೊದಲು ನೆಲವನ್ನೇ ಬಹಳ ಹೊತ್ತು ನೋಡುತ್ತಿತ್ತು, ಆಮೇಲೆ ಇಳಿಯದೆ ಅಲ್ಲೇ ಮಲಗುತ್ತಿತ್ತು. ಊರಿನ ಪ್ರಾಣಿವೈದ್ಯರ ಬಳಿ ಒಯ್ದರೆ ಅವರು, “ಮುಂಗಾಲಿನ ಉಗುರು ತೆಗೆಸಿದಾರೆ ಅಷ್ಟೆ, ಎಲ್ರೂ ತೆಗೆಸ್ತಾರೆ” ಎಂದರು.

“ಉಗುರು ಮತ್ತೆ ಬೆಳೀಬೇಕಲ್ಲ ಡಾಕ್ಟ್ರೇ? ದಿನಾ ಕತ್ತರಿಸೋಳು ನಾನು. ನನಗೆ ಗೊತ್ತಿಲ್ವಾ?”

“ಉಗುರೊಂದೇ ಅಲ್ಲ ಬರ್ನಿಸ್. ಅದು ಮೂಳೆಯಿಂದ ಬೆಳೆಯೋದು. ಕೊನೇ ಗೆಣ್ಣನ್ನೇ ತೆಗೀತೀವಿ.”

ಬರ್ನಿಸ್ ಅಲ್ಲೇ ನಿಂತು ತನ್ನ ಬೆರಳನ್ನು ನೋಡಿಕೊಂಡಳು. ತುದಿಯ ಗೆಣ್ಣು ಹೋದರೆ ಗುಂಡಿ ಹಾಕಿಕೊಳ್ಳಲು ಆಗುತ್ತದೆಯೇ, ರೋಲರ್ ಸುತ್ತಲು ಆಗುತ್ತದೆಯೇ ಎಂದು ಲೆಕ್ಕ ಹಾಕಿದಳು. ಅವತ್ತಿನಿಂದ ಅವಳಿಗೆ ಅದೇ ಜಪ.

ನಮ್ಮ ಕಣಿವೆಯ ಜನ ಕ್ರೂರಿಗಳೇನಲ್ಲ. ಬೆಕ್ಕಿಗೆ ಹುಟ್ಟುಹಬ್ಬ ಮಾಡುತ್ತಾರೆ, ಕ್ರಿಸ್ಮಸ್ಸಿಗೆ ಅದರ ಹೆಸರಿನ ಕಾಲುಚೀಲ ನೇತುಹಾಕುತ್ತಾರೆ. ಆದರೆ ಮರಿ ಮನೆಗೆ ಬಂತೆಂದರೆ ಮರಿ ಹಾಕದಂತೆ ಆಪರೇಷನ್ನು, ಜೊತೆಗೇ ಉಗುರು, ಎರಡೂ ಒಂದೇ ಸಲ ಮುಗಿಸಿಬಿಡುವುದು ಇಲ್ಲಿನ ವಾಡಿಕೆ. ಅಪ್ಪ ಮಾಡಿಸಿದ್ದ, ಅಮ್ಮ ಮಾಡಿಸಿದ್ದಳು. ಹೊಸ ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಸುವುದು ಎಷ್ಟು ಸಹಜವೋ ಅದೂ ಅಷ್ಟೇ ಸಹಜ. ಆಗಿನ್ನೂ ಈ ಕಡೆ ಅದಕ್ಕೆ ಕಾನೂನಿನ ಅಡ್ಡಿಯೂ ಇರಲಿಲ್ಲ.

ಬರ್ನಿಸ್ ಭಾಷಣ ಮಾಡಲಿಲ್ಲ. ಉಗುರಿಗೆ ಬಣ್ಣ ಹಚ್ಚಿಸಿಕೊಳ್ಳಲು ಚಾಚಿದ ಕೈಯನ್ನು ಗಟ್ಟಿಯಾಗಿ ಹಿಡಿದು, ಅದೇ ಕೆಂಪು ಬಣ್ಣದ ಕುಂಚದಿಂದ ಬೆರಳಿನ ಕೊನೆಯ ಗೆಣ್ಣಿನ ಸುತ್ತ ಒಂದು ಗೆರೆ ಎಳೆಯುತ್ತಿದ್ದಳು. “ಇಲ್ಲಿ. ಇಲ್ಲಿಂದ ಮೇಲಕ್ಕೆ ಹೋಯ್ತು ಅನ್ಕೋ. ಹತ್ತಕ್ಕೆ ಹತ್ತೂ. ಆಮೇಲೆ ಆ ಬೆರಳಲ್ಲೇ ಮಣ್ಣು ಕೆದರು ನೋಡೋಣ.” ಆ ಗೆರೆ ಸೋಪಿಗೆ ಹೋಗುವುದಲ್ಲ. ಹೆಂಗಸರು ಅದನ್ನು ಹೊತ್ತುಕೊಂಡೇ ಮನೆಗೆ ಹೋಗಿ ಗಂಡನಿಗೆ, ಸೊಸೆಗೆ ವಿವರ ಹೇಳಬೇಕಾಗುತ್ತಿತ್ತು. ಊರಿನಲ್ಲಿ ಎಷ್ಟೋ ಬೆಕ್ಕುಗಳ ಬೆರಳು ಆ ಕೆಂಪು ಗೆರೆಯಿಂದ ಉಳಿಯಿತು. ಅದು ಸುಳ್ಳಲ್ಲ. ದಿಂಬಿನ ಚೀಲದಲ್ಲಿ ಬೆಕ್ಕು ಹಾಕಿಕೊಂಡು ಬಂದವರಿಗೆ ಟವೆಲಿನಲ್ಲಿ ಸುತ್ತಿ ಉಗುರಿನ ಮೊನೆಯಷ್ಟೇ ಕತ್ತರಿಸುವುದನ್ನು ಪುಕ್ಕಟೆಯಾಗಿ ಕಲಿಸಿಕೊಟ್ಟಳು. ಉಗುರಿಗೆ ಅಂಟಿಸುವ ಪುಟ್ಟ ಪ್ಲಾಸ್ಟಿಕ್ ಟೋಪಿಗಳನ್ನು ತರಿಸಿಟ್ಟುಕೊಂಡಳು.

ಆದರೆ ಮಾಡಿಸಿಬಿಟ್ಟವರಿಗೆ ಅವಳಲ್ಲಿ ಕ್ಷಮೆ ಇರಲಿಲ್ಲ.

ಡೋರಿಸ್ ಯುರ್ಕೋ ಎಂಬ ಹೆಂಗಸು, ಬಹಳ ವರ್ಷದ ಗಿರಾಕಿ, ಒಂದು ಬುಧವಾರ ಅರ್ಧ ತಲೆಗೆ ರೋಲರ್ ಸುತ್ತಿಸಿಕೊಂಡಾಗ ಸಣ್ಣ ದನಿಯಲ್ಲಿ ಬಾಯಿಬಿಟ್ಟಳು. “ಬರ್ನಿಸ್, ಬೈಬೇಡ. ಹೊಸ ಸೋಫಾ ಬಂತಲ್ಲ, ಮಗ ಹಟ ಹಿಡಿದ, ಮಾಡಿಸಿಬಿಟ್ವಿ. ಈಗ ನೋಡಿದ್ರೆ ಬೆಕ್ಕು ನಡೀತಾನೇ ಇಲ್ಲ. ನಾನೇನು…”

ಮಾತು ಮುಗಿಯಲಿಲ್ಲ. ಬರ್ನಿಸ್ ಸುತ್ತಿದ್ದ ರೋಲರುಗಳನ್ನು ಒಂದೊಂದಾಗಿ ಕಿತ್ತು ಬೇಸಿನ್ನಿಗೆ ಎಸೆದಳು. “ಏಳು. ಉಳಿದಿದ್ದನ್ನ ಆ ಡಾಕ್ಟರ್ ಹತ್ರಾನೇ ಸುತ್ತಿಸ್ಕೋ. ನಡೀತಿಲ್ವಂತೆ! ಬೆರಳು ಕಡಿಸಿ ಡಾನ್ಸ್ ಮಾಡು ಅಂದ್ರೆ ಮಾಡತ್ತಾ? ಇನ್ನೊಂದ್ಸಲ ಈ ಮೆಟ್ಲು ಇಳೀಬೇಡ.”

ಡೋರಿಸ್ ಒದ್ದೆ ತಲೆಯಲ್ಲೇ ಬೀದಿ ಹತ್ತಿ ಹೋದಳು. ಊರು ತಿಂಗಳುಗಟ್ಟಲೆ ನಕ್ಕಿತು. ಅವತ್ತು ಡ್ರೈಯರಿನ ಕೆಳಗೆ ಕೂತಿದ್ದವಳು ಬರ್ನಿಸ್‌ಳ ಅಕ್ಕ ಟಿಲ್ಲಿ. ಯಂತ್ರದ ಮೊರೆತದಲ್ಲಿ ಅವಳಿಗೆ ಮಾತು ಕೇಳಿಸಲಿಲ್ಲ, ಡೋರಿಸ್‌ಳ ಮುಖ ಮಾತ್ರ ಕಾಣಿಸಿತು.

ಟಿಲ್ಲಿ ತಂಗಿಗೆ ತದ್ವಿರುದ್ಧ. ಇರುವೆಗೂ ದಾರಿ ಬಿಟ್ಟು ನಡೆಯುವವಳು. ಮಕ್ಕಳಿಲ್ಲ. ಗಂಡ ಸ್ಟ್ಯಾನ್ ಕಾರ್ಖಾನೆಯ ಹೊಗೆ ಕುಡಿದು ಎದೆ ಕೆಡಿಸಿಕೊಂಡು ಸತ್ತ ಮೇಲೆ ಅವಳಿಗೆ ಉಳಿದದ್ದು ಮೊಣಕಾಲು ನೋವು, ಗುಡ್ಡದ ಮೇಲಿನ ಮನೆ, ಫೋರ್‌ಮನ್. ಫೋರ್‌ಮನ್ ಎಂದರೆ ಬೂದು ಬಣ್ಣದ ದಪ್ಪ ಗಂಡು ಬೆಕ್ಕು. ಹೆಸರಿಟ್ಟವನು ಸ್ಟ್ಯಾನ್. ಅವನು ನಲ್ಲಿ ರಿಪೇರಿ ಮಾಡಲಿ, ಮಂಜು ಗುಡಿಸಲಿ, ಬೆಕ್ಕು ಮೆಟ್ಟಿಲ ಮೇಲೆ ಕೂತು ನೋಡುತ್ತಿತ್ತು. “ಕೈ ಕೊಳೆ ಮಾಡ್ಕೊಳ್ಳಲ್ಲ, ಬರೀ ನೋಡ್ತಾನೆ. ಇವನು ಹುಟ್ಟಾ ಫೋರ್‌ಮನ್ ಕಣೇ!” ಎಂದು ಸ್ಟ್ಯಾನ್ ನಗುತ್ತಿದ್ದ. ಅವನು ಹೋದ ಮೇಲೆ ಬೆಕ್ಕು ಟಿಲ್ಲಿಯ ಎದೆಯ ಮೇಲೆ ಮಲಗಲು ಶುರುಮಾಡಿತು. ಬೆಳಿಗ್ಗೆ ಅದು ಕೆನ್ನೆಗೆ ಪಾದ ಒತ್ತಿದರೆ ಏಳುವುದು, ಇಲ್ಲದಿದ್ದರೆ ಇಲ್ಲ.

ಮಂಜು ಬಿದ್ದರೆ ಗುಡ್ಡದ ಮನೆಯಿಂದ ಇಳಿಯಲಾಗದೆ ಟಿಲ್ಲಿ ವಾರಗಟ್ಟಲೆ ಒಳಗೇ ಉಳಿಯುತ್ತಿದ್ದಳು. ವಯಸ್ಸಾದವರಿಗೆಂದು ನದಿಯ ಪಕ್ಕ ಕಟ್ಟಿದ ಎತ್ತರದ ವಸತಿಗೃಹಕ್ಕೆ ಹೆಸರು ಬರೆಸಿ ಬಹಳ ಕಾಲ ಕಾದಿದ್ದಳು. ಅಲ್ಲಿ ಲಿಫ್ಟ್ ಇದೆ, ಬಿಸಿನೀರು ಇದೆ, ಬಿದ್ದರೆ ಎಳೆದು ಸಹಾಯಕ್ಕೆ ಕರೆಯಲು ಗೋಡೆಗೊಂದು ಹಗ್ಗವಿದೆ. ಕೊನೆಗೂ ಫೆಬ್ರುವರಿಯಲ್ಲಿ ಕರೆ ಬಂತು. ಬೆಕ್ಕು ಇಟ್ಟುಕೊಳ್ಳಬಹುದು, ಮುಂಗಾಲಿನ ಉಗುರು ತೆಗೆಸಿರಬೇಕು ಎಂಬುದು ಅಲ್ಲಿನ ನಿಯಮ.

ಬರ್ನಿಸ್ ಮರುದಿನವೇ ಹೋಗಿ ಮ್ಯಾನೇಜರ್ ಗಿಯರ್‌ಹಾರ್ಟನ ಮುಂದೆ ನಿಂತಳು. ಅವನು ಮೆತ್ತಗಿನ ಮನುಷ್ಯ, ಟೈ ಕಟ್ಟಿಕೊಂಡು ಕೂತಿದ್ದ.

“ನಿಯಮ ನನ್ನದಲ್ಲ ಮಿಸೆಸ್ ಪಾಸ್ತೊರೆಕ್. ಮೇಲಿನವರದ್ದು.”

“ಮೇಲಿನವರು ಯಾರು, ದೇವ್ರಾ? ಕೈ ಕೊಡಿ ಇಲ್ಲಿ.”

ಅವನು ಕೈಕುಲುಕಲು ಎಂದುಕೊಂಡು ಕೊಟ್ಟ. ಅವಳು ಚೀಲದಿಂದ ಬಣ್ಣದ ಸೀಸೆ ತೆಗೆದು ತೋರುಬೆರಳಿಗೆ ಗೆರೆ ಎಳೆದೇಬಿಟ್ಟಳು. ಆ ಮನುಷ್ಯ ಬೆರಳನ್ನು ಗಾಳಿಯಲ್ಲಿ ಹಿಡಿದುಕೊಂಡು, “ಕೇಳಿ ನೋಡ್ತೀನಿ” ಎಂದ. ಹಾಗೆಂದರೆ ಆಗುವುದಿಲ್ಲ ಎಂದರ್ಥ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು.

ಬರ್ನಿಸ್ ಅಲ್ಲಿಂದ ನೇರ ಗುಡ್ಡ ಹತ್ತಿ ಅಕ್ಕನ ಮನೆಗೆ ಬಂದಳು. ಟಿಲ್ಲಿ ಅಡುಗೆಮನೆಯಲ್ಲಿ ಎಲೆಕೋಸು, ಶ್ಯಾವಿಗೆಯಂಥ ಹಿಟ್ಟಿನ ಪಟ್ಟಿ ಹಾಕಿ ಬೆಣ್ಣೆಯಲ್ಲಿ ಹಲುಷ್ಕಿ ಬಾಡಿಸುತ್ತಿದ್ದಳು. ಬೆಕ್ಕು ಕುರ್ಚಿಯಲ್ಲಿ ಕೂತು ಮೇಲ್ವಿಚಾರಣೆ ಮಾಡುತ್ತಿತ್ತು.

“ಆ ಮನೆ ಬೇಡ ಬಿಡು. ನನ್ನ ಜೊತೆ ಬಂದಿರು.”

“ನಿನ್ನ ಮನೆಗೆ ಬೀದಿಯಿಂದ ಎಷ್ಟು ಮೆಟ್ಲು ಇದೆ ಬರ್ನಿಸ್? ಇಲ್ಲಿಗಿಂತ ಜಾಸ್ತಿ.”

“ಹಾಗಾದ್ರೆ ಫೋರ್‌ಮನ್‌ನ ನನಗೆ ಕೊಡು. ಭಾನುವಾರ ಬಂದು ನೋಡ್ಕೊಂಡು ಹೋಗುವಂತೆ.”

ಟಿಲ್ಲಿ ಸೌಟು ಕೆಳಗಿಟ್ಟಳು. “ಭಾನುವಾರ ಸರಿ. ಸೋಮವಾರ ಬೆಳಿಗ್ಗೆ ನಾನು ಯಾಕೆ ಏಳ್ಲಿ, ಹೇಳು.”

ಅದಕ್ಕೆ ಮೆತ್ತಗೆ ಉತ್ತರ ಹೇಳಬಹುದಾಗಿತ್ತು. ಬರ್ನಿಸ್‌ಗೆ ಮೆತ್ತಗೆ ಬರುವುದಿಲ್ಲ. ಅಕ್ಕನ ಕೈ ಎಳೆದುಕೊಂಡು, ಹತ್ತೂ ಬೆರಳಿಗೆ ಗೆರೆ ಎಳೆದಳು. “ನೋಡ್ಕೋ. ಅವನ ಬೆರಳು ಮುಟ್ಟಿಸಿದ್ಯೋ, ನನಗೆ ಡೋರಿಸ್ ಒಂದೇ, ನೀನೂ ಒಂದೇ. ನಿನ್ನ ಮುಖ ನಾನು ನೋಡಲ್ಲ, ನನ್ನ ಮುಖ ನೀನು ನೋಡ್ಬೇಡ. ಸತ್ರೂ ಬರಲ್ಲ ನಾನು.”

ಟಿಲ್ಲಿ ತನ್ನ ಹತ್ತು ಬೆರಳನ್ನೂ ಮಡಿಲಲ್ಲಿ ಹರಡಿಕೊಂಡು ನೋಡುತ್ತ ಕೂತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬರ್ನಿಸ್ ಆಡಿದ ಮೇಲೆ ಒಂದು ತಟ್ಟೆ ಹಲುಷ್ಕಿ ತಿಂದು, ಚೆನ್ನಾಗಿದೆ ಎಂದು ಹೇಳಿ ಮನೆಗೆ ಹೋದಳು.

ಮುಂದಿನ ವಾರ ಟಿಲ್ಲಿಯ ಫೋನು ಬಂತು. “ಮ್ಯಾನೇಜರ್ ಒಪ್ಕೊಂಡ ಕಣೆ. ಪ್ಲಾಸ್ಟಿಕ್ ಟೋಪಿ ಹಾಕಿದ್ರೆ ಸಾಕಂತೆ.”

“ನಿಜವಾಗ್ಲೂ? ತಡಿ, ನಾನೇ ಬಂದು ಅಂಟಿಸ್ತೀನಿ.”

“ಆಯ್ತು. ಆಗಲೇ ಆಯ್ತು. ಡಾಕ್ಟರ್ ಹತ್ರ ಇರೋ ಹುಡುಗಿ ಅಂಟಿಸಿದ್ಲು. ನಿನಗ್ಯಾಕೆ ತೊಂದ್ರೆ ಅಂತ.”

ತನ್ನನ್ನು ಬಿಟ್ಟು ಬೇರೆಯವರಿಂದ ಉಗುರಿನ ಕೆಲಸ ಮಾಡಿಸಿದ್ದಕ್ಕೆ ಬರ್ನಿಸ್‌ಗೆ ಸ್ವಲ್ಪ ಸಿಟ್ಟು ಬಂತು. ಆದರೆ ಗೆದ್ದ ಸಂತೋಷ ಅದನ್ನು ನುಂಗಿತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳು ಅವು. ಮಾಂಸ ಮುಟ್ಟುವ ಹಾಗಿಲ್ಲವೆಂದು ಊರಿಗೆ ಊರೇ ಅಗ್ನಿಶಾಮಕ ದಳದ ಹಾಲಿನಲ್ಲಿ ಹುರಿದ ಮೀನು, ಆಲೂಗಡ್ಡೆ ತುಂಬಿದ ಕಡುಬಿನಂಥ ಪಿರೋಗಿ ತಿನ್ನಲು ಸೇರುತ್ತದೆ. ಬರ್ನಿಸ್ ಮೇಜಿನಿಂದ ಮೇಜಿಗೆ ಹೋಗಿ ಗಿಯರ್‌ಹಾರ್ಟನ ಬೆರಳಿನ ಕಥೆ ಹೇಳಿದಳು. ಹೇಳಿದಷ್ಟೂ ಗೆರೆ ದಪ್ಪವಾಯಿತು, ಮ್ಯಾನೇಜರ್ ಸಣ್ಣಗಾದ. ಜನ ಮೇಜು ಬಡಿದು ನಕ್ಕರು. ದೂರದ ಮೇಜಿನಲ್ಲಿ ಒಬ್ಬಳೇ ಕೂತಿದ್ದ ಡೋರಿಸ್ ಯುರ್ಕೋ ಅರ್ಧ ಮೀನನ್ನು ಕಾಗದದಲ್ಲಿ ಸುತ್ತಿಕೊಂಡು ಎದ್ದು ಹೋದಳು. ಟಿಲ್ಲಿ ಅವತ್ತು ಬಂದಿರಲಿಲ್ಲ. ಮೊಣಕಾಲು ನೋವಂತೆ.

ಊರಿಗೆಲ್ಲ ಶಕುನ ನುಡಿಯುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತಂತೆ. ಬರ್ನಿಸ್ ಬಿದ್ದದ್ದು ಅವಳಿಗೇ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಭಾನುವಾರಗಳಲ್ಲಿ ಅಕ್ಕನ ಹೊಸ ಮನೆಗೆ ಹೋದರೆ ಫೋರ್‌ಮನ್ ಮಂಚದ ಕೆಳಗೆ. ಬಗ್ಗಿ ಕರೆದರೆ ಕತ್ತಲೆಯಲ್ಲಿ ಎರಡು ಕಣ್ಣು. “ಹೊಸ ಜಾಗ, ಹೆದರ್ಕೊಂಡಿದಾನೆ. ಎಳೀಬೇಡ” ಎಂದು ಟಿಲ್ಲಿ ಅಡ್ಡ ನಿಲ್ಲುತ್ತಿದ್ದಳು. ಮನೆಯಲ್ಲಿ ವಾಸನೆ ಇತ್ತು. ಮುದಿ ಬೆಕ್ಕು, ಕಿಟಕಿ ತೆರೆಯದ ಮನೆ ಎಂದು ಬರ್ನಿಸ್ ಅಂದುಕೊಂಡಳು. ಅಕ್ಕ ಇಳಿದುಹೋಗಿದ್ದಾಳೆ ಎನ್ನಿಸಿತು. ಕೇಳಿದರೆ, “ಚೆನ್ನಾಗೇ ಇದ್ದೀನಿ.”

ಈಸ್ಟರ್ ಕಳೆದ ಮೇಲಿನ ಒಂದು ಬುಧವಾರ ಟಿಲ್ಲಿ ಪಾರ್ಲರಿಗೆ ಬಲಗೈಗೆ ಉಣ್ಣೆಯ ಗವಸು ಹಾಕಿಕೊಂಡು ಬಂದಳು. ಕೀಲು ನೋವು, ಬೆಚ್ಚಗಿರಲಿ ಅಂತ ಎಂದಳು. ತಲೆ ತೊಳೆದು ರೋಲರ್ ಸುತ್ತಿ ಆಯಿತು. ಉಗುರಿಗೆ ಕೈ ಕೊಡು ಎಂದರೆ ಎಡಗೈ ಕೊಟ್ಟಳು. ಬಲಗೈ ಎಂದರೆ, “ಇವತ್ತು ಬೇಡ” ಎಂದಳು. ಬರ್ನಿಸ್ ಬೇಡ ಎಂದರೆ ಬಿಡುವವಳೇ? ಗವಸಿನ ತುದಿ ಹಿಡಿದು ಎಳೆದಳು. ಟಿಲ್ಲಿ ಚೀರಿದಳು.

ಹೆಬ್ಬೆರಳಿನ ಬುಡದಲ್ಲಿ ನಾಲ್ಕು ತೂತು, ಸುತ್ತ ಕೈ ಊದಿ ಹೊಳೆಯುತ್ತಿತ್ತು. ಅಲ್ಲಿಂದ ಒಂದು ಕೆಂಪು ಗೆರೆ ಮಣಿಕಟ್ಟು ದಾಟಿ ಮೊಣಕೈವರೆಗೆ ಹತ್ತಿತ್ತು. ಬರ್ನಿಸ್ ಎಳೆದದ್ದಲ್ಲ ಆ ಗೆರೆ.

“ಯಾರು ಕಚ್ಚಿದ್ದು?”

ಟಿಲ್ಲಿ ಕನ್ನಡಿ ನೋಡಿದಳು.

“ಟಿಲ್ಲಿ, ಯಾರು ಕಚ್ಚಿದ್ದು? ಫೋರ್‌ಮನ್ನಾ? ಅವನು ಜನ್ಮದಲ್ಲಿ ಕಚ್ಚಿದವನಲ್ಲ.”

“ನಾನೇ ಎತ್ತೋಕೆ ಹೋದೆ. ಅವನದ್ದೇನೂ ತಪ್ಪಿಲ್ಲ” ಎಂದಳು ಟಿಲ್ಲಿ. ಹಲ್ಲು ಚಳಿಗೆ ಕಟಕಟ ಎನ್ನುತ್ತಿತ್ತು. ಮೈ ಮುಟ್ಟಿದರೆ ಬೆಂಕಿ.

ರೋಲರ್ ಬಿಚ್ಚುವಷ್ಟೂ ಹೊತ್ತಿರಲಿಲ್ಲ. ಹಾಗೇ ಕಾರಿಗೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದಳು. ವಿಷ ರಕ್ತಕ್ಕೆ ಇಳಿದಿದೆ, ಕೈ ಕೊಯ್ದು ಕೀವು ತೆಗೆಯಬೇಕು ಎಂದು ಒಳಗೆ ಕರೆದುಕೊಂಡು ಹೋದರು. ಹೋಗುವಾಗ ಟಿಲ್ಲಿ ಹೇಳಿದ್ದು ಒಂದೇ ಮಾತು: “ಅವನಿಗೆ ಊಟ ಹಾಕು. ಬೈಬೇಡ ಅವನನ್ನ.”

ಬರ್ನಿಸ್ ಅಕ್ಕನ ಚೀಲದಿಂದ ಬೀಗದ ಕೈ ತೆಗೆದುಕೊಂಡು ಆ ಮನೆಗೆ ಹೋದಳು. ಈ ಸಲ ಅಡ್ಡ ನಿಲ್ಲುವವರು ಯಾರೂ ಇರಲಿಲ್ಲ. ಮಂಚದ ಮೇಲೆ ಹಾಸಿಗೆಗೆ ಪ್ಲಾಸ್ಟಿಕ್ ಹೊದಿಸಿತ್ತು, ಅದರ ಮೇಲೆ ಬೆಕ್ಕಿನ ಉಚ್ಚೆ. ಅಕ್ಕ ಮಲಗುತ್ತಿದ್ದದ್ದು ಕುರ್ಚಿಯಲ್ಲಿ. ದಿಂಬು, ಕಂಬಳಿ ಅಲ್ಲೇ ಇದ್ದವು. ಸ್ನಾನದ ತೊಟ್ಟಿಯಲ್ಲಿ ಕಂದು ಕಲೆಯ ಟವೆಲುಗಳು ನೆನೆಯುತ್ತಿದ್ದವು. ಮೂಲೆಯಲ್ಲಿ ಬೆಕ್ಕು ಮಲಮೂತ್ರಕ್ಕೆ ಕೂರುವ ಮರಳಿನ ತಟ್ಟೆ. ಹೊಸ ಮರಳು, ನೀಟಾಗಿ ಹರಡಿದ್ದು, ಯಾರೂ ಕಾಲಿಡದ್ದು.

ಅವಳು ನೆಲಕ್ಕೆ ಬೋರಲು ಮಲಗಿ ಮಂಚದ ಕೆಳಗೆ ಕೈಚಾಚಿ ಬೆಕ್ಕನ್ನು ಎಳೆದಳು. ಎಳೆಯುವಷ್ಟು ಭಾರವೇ ಇರಲಿಲ್ಲ. ಮುಂಗಾಲನ್ನು ಬೆಳಕಿಗೆ ಹಿಡಿದು ನೋಡಿದಳು. ಪ್ಲಾಸ್ಟಿಕ್ ಟೋಪಿಯೂ ಇಲ್ಲ, ಟೋಪಿ ಅಂಟಿಸಲು ಉಗುರೂ ಇಲ್ಲ. ಪಾದಗಳು ಮೊಂಡಾಗಿ ಊದಿಕೊಂಡಿದ್ದವು. ಕೂಡಿಕೊಳ್ಳದ ಗಾಯದಲ್ಲಿ ಮರಳಿನ ಕಾಳುಗಳು ಸಿಮೆಂಟಿನ ಹಾಗೆ ಕಚ್ಚಿ ಹಿಡಿದಿದ್ದವು. ಬರ್ನಿಸ್ ಕೂತಲ್ಲೇ ಬೈಯಲು ಬಾಯಿ ತೆರೆದಳು. ಬೈಯಲು ಅಲ್ಲಿ ಯಾರೂ ಇರಲಿಲ್ಲ.

ಊರಿನ ಡಾಕ್ಟರ ಬಳಿ ಹೋಗಲು ಮನಸ್ಸಾಗದೆ ಸೇತುವೆ ದಾಟಿ ಪೇಟೆಯಲ್ಲಿದ್ದ ಒಬ್ಬ ಯುವ ವೈದ್ಯೆಯ ಬಳಿ ಒಯ್ದಳು. ಆಕೆ ಮುಟ್ಟಿ ನೋಡಿದಳು, ರಕ್ತ ತೆಗೆದು ನೋಡಿದಳು. ಮೂಳೆಗೆ ಕೀವು ಹತ್ತಿದೆ, ಊಟ ಬಿಟ್ಟು ಮೂತ್ರಪಿಂಡ ನಿಂತುಹೋಗಿದೆ, ಈ ವಯಸ್ಸಿಗೆ ಇನ್ನೊಂದು ಆಪರೇಷನ್ ತಡೆಯುವುದಿಲ್ಲ ಎಂದಳು.

“ಆಪರೇಷನ್ ಆದ್ಮೇಲೆ ಗಾಯ ಮಾಯೋವರೆಗೂ ಮರಳು ಹಾಕಬಾರದಲ್ಲ. ಪೇಪರ್ ಹರಿದು ಹಾಕ್ಬೇಕು. ಆಸ್ಪತ್ರೆಯಲ್ಲಿ ಹೇಳಲಿಲ್ವಾ?”

“ಗೊತ್ತಿಲ್ಲ.”

“ಹೇಳೋರು ಬೇರೆ ಯಾರೂ ಇರಲಿಲ್ವಾ ಅವರಿಗೆ?”

ಬರ್ನಿಸ್‌ಳ ನೆಲಮಾಳಿಗೆಯಲ್ಲಿ ಪೇಪರಿನ ರಾಶಿ ತೊಲೆ ಮುಟ್ಟುತ್ತಿತ್ತು. ಟಿಲ್ಲಿ ಗಂಡ ಸತ್ತ ಮೇಲೆ ಪೇಪರ್ ತರಿಸುವುದನ್ನೇ ನಿಲ್ಲಿಸಿದ್ದಳು.

ಸಂಕಟ ಮುಗಿಸುವ ಕೊನೆಯ ಸೂಜಿ ಚುಚ್ಚುವಾಗ ಬೆಕ್ಕನ್ನು ಅವಳೇ ಹಿಡಿದುಕೊಂಡಳು. ಕಚ್ಚಲಿ ಎಂದು ಕೈಯನ್ನು ಬಾಯಿಯ ಹತ್ತಿರವೇ ಇಟ್ಟಳು. ಫೋರ್‌ಮನ್ ಕಚ್ಚಲಿಲ್ಲ. ಮೊಂಡು ಪಾದವನ್ನು ಅವಳ ಮಣಿಕಟ್ಟಿನ ಮೇಲೆ ಇಟ್ಟುಕೊಂಡು ಸುಮ್ಮನಾಯಿತು.

ಟಿಲ್ಲಿಗೆ ಜ್ವರ ಇಳಿದು ಎಚ್ಚರ ಬಂದದ್ದು ಎರಡು ದಿನ ಬಿಟ್ಟು. ಬ್ಯಾಂಡೇಜು ಕಟ್ಟಿದ ಕೈಯನ್ನು ದಿಂಬಿನ ಮೇಲೆ ಇಟ್ಟಿದ್ದರು. ಬರ್ನಿಸ್ ಪಕ್ಕದಲ್ಲಿ ಕೂತು, ಅಕ್ಕನ ತಲೆಯಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಒಂದು ರೋಲರನ್ನು ಬಿಡಿಸುತ್ತಿದ್ದಳು.

“ಊಟ ಮಾಡಿದ್ನಾ?” ಎಂದು ಕೇಳಿದಳು ಟಿಲ್ಲಿ.

ಬರ್ನಿಸ್ ಸುಳ್ಳು ಹೇಳಲು ಯೋಚಿಸಿದಳು. ಬರಲಿಲ್ಲ. “ಇಲ್ಲ ಟಿಲ್ಲಿ. ಹೋಗ್ಬಿಟ್ಟ. ನಾನೇ ಹಿಡ್ಕೊಂಡಿದ್ದೆ.”

ಟಿಲ್ಲಿ ಅಳಲಿಲ್ಲ. ಚಾವಣಿ ನೋಡುತ್ತ ಮಲಗಿದ್ದಳು. ಆಮೇಲೆ ಯಾರಿಗೋ ಅಡುಗೆ ಹೇಳಿಕೊಡುವಷ್ಟು ಸಮಾಧಾನದಲ್ಲಿ ಮಾತಾಡಿದಳು.

“ಬೆಕ್ಕಿನ ಆಸ್ಪತ್ರೆಯವರು ಮರಳಿನ ಬದಲು ಹಾಕೋಕೆ ಒಂದು ಚೀಲ ಕೊಟ್ಟಿದ್ರು, ಕಾಗದದ ಉಂಡೆ. ಅದು ಮುಗೀತು. ಆಮೇಲೆ ಮರಳು ಹಾಕಬಹುದಾ ಅಂತ ಗೊತ್ತಾಗಲಿಲ್ಲ. ಅಲ್ಲಿಗೆ ಫೋನ್ ಮಾಡಿದ್ರೆ ಆ ಹುಡುಗಿ, ಎಲ್ಲಾ ಸರಿಹೋಗತ್ತೆ ಅಂದ್ಲು. ನಿನ್ನನ್ನ ಕೇಳಿದ್ರೆ ಗೊತ್ತಿರತ್ತೆ ಅನ್ನಿಸ್ತು. ನಿನಗೆ ಎಲ್ಲಾ ಗೊತ್ತಲ್ಲ. ಫೋನ್ ಎತ್ಕೊಂಡು ಕೂತ್ಕೋತಿದ್ದೆ. ಡೋರಿಸ್ ಮುಖ ನೆನಪಾಗೋದು. ಇಟ್ಬಿಡ್ತಿದ್ದೆ.”

“ನಾನು ಬೈತಿದ್ದೆ ಅಷ್ಟೆ ಟಿಲ್ಲಿ. ಬೈದು ಬರ್ತಿದ್ದೆ.”

“ಬೈದಿದ್ರೆ ಬೈಸ್ಕೊಳ್ತಿದ್ದೆ. ಹುಟ್ಟಿದಾಗಿಂದ ಬೈಸ್ಕೊಂಡಿಲ್ವಾ? ಮುಖ ನೋಡಲ್ಲ ಅಂದ್ಯಲ್ಲ. ನನಗೆ ಉಳಿದಿದ್ದೇ ನೀವಿಬ್ರು. ಇಬ್ಬರನ್ನೂ ಇಟ್ಕೊಳ್ಳೋಣ ಅಂತ ನೋಡಿದೆ.”

ಬರ್ನಿಸ್ ಆ ರೋಲರನ್ನು ಬಿಡಿಸಿ ತೆಗೆದಳು. ಅದರಲ್ಲಿ ಅಕ್ಕನ ಬಿಳಿ ಕೂದಲು ಸುತ್ತಿತ್ತು.

ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಡೋರಿಸ್ ಯುರ್ಕೋಳ ಮನೆ. ಬರ್ನಿಸ್ ಕಾರು ನಿಲ್ಲಿಸಿ ಬಾಗಿಲು ಬಡಿದಳು. ಯಾಕೆ ಬಡಿದಳೋ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಡೋರಿಸ್ ಬಾಗಿಲಿನ ಸರಪಳಿ ತೆಗೆಯದೆ ಸಂದಿಯಲ್ಲಿ ಇಣುಕಿದಳು.

“ಅವತ್ತು ನೀನು ಏನೋ ಕೇಳೋಕೆ ಬಂದಿದ್ದೆ ಡೋರಿಸ್. ಬೆಕ್ಕು ನಡೀತಿಲ್ಲ ಅಂತ. ಹೇಗಿದೆ ಈಗ?”

“ಸತ್ತು ಎಷ್ಟೋ ಕಾಲ ಆಯ್ತು” ಎಂದಳು ಡೋರಿಸ್. “ಸೋಫಾ ಇದೆ. ನೋಡ್ತೀಯಾ?” ಬಾಗಿಲು ಹಾಕಿಕೊಂಡಳು. ಅವಳದ್ದೇನೂ ತಪ್ಪಿಲ್ಲ.

ಟಿಲ್ಲಿ ವಸತಿಗೃಹಕ್ಕೇ ಮರಳಿದಳು. ಹೆಬ್ಬೆರಳು ಮಡಚಲು ಬರುವುದಿಲ್ಲ. ಈಗಲೂ ಬುಧವಾರ ಬುಧವಾರ ಬರುತ್ತಾಳೆ. ಹೇಗಿದ್ದೀ ಎಂದರೆ, “ಚೆನ್ನಾಗೇ ಇದ್ದೀನಿ” ಎನ್ನುತ್ತಾಳೆ, ಅದೇ ಹಳೆಯ ದನಿಯಲ್ಲಿ. ಅದು ನಿಜವೋ ಸುಳ್ಳೋ ತಿಳಿಯುವ ದಾರಿ ಬರ್ನಿಸ್‌ಗೆ ಇನ್ನಿಲ್ಲ. ಅಕ್ಕನ ಎರಡೂ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾಳೆ, ತೋಳು ಮಡಚಿ ನೋಡುತ್ತಾಳೆ, ಆಮೇಲೆ ಬಣ್ಣ ಹಚ್ಚುತ್ತಾಳೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀ ಎಂದು ಮಾತ್ರ ಕೇಳುವುದಿಲ್ಲ.

ಕೆಂಪು ಗೆರೆ ಎಳೆಯುವುದನ್ನು ಅವಳು ಬಿಡಲಿಲ್ಲ. ಬಿಡಬೇಕಾದ್ದೂ ಅದಲ್ಲ. ಆದರೆ ಗೆರೆ ಎಳೆದ ಮೇಲೆ ಈಗ ಇನ್ನೊಂದು ಮಾತು ಸೇರಿಸುತ್ತಾಳೆ: “ಆಗಿಹೋಗಿದ್ರೂ ಬಾ.” ಅವಳ ಬಾಯಲ್ಲಿ ಆ ಮಾತು ಬೇರೆ ಯಾರದೋ ಚಪ್ಪಲಿ ಹಾಕಿಕೊಂಡಂತೆ ಕೇಳಿಸುತ್ತದೆ. ಬಹಳ ದಿನ ಯಾರೂ ಬರಲಿಲ್ಲ. ಊರಿಗೆ ಡೋರಿಸ್‌ಳ ಒದ್ದೆ ತಲೆ ಅಷ್ಟು ಬೇಗ ಮರೆಯುವುದಿಲ್ಲ.

ಚಳಿಗಾಲದ ಒಂದು ಬುಧವಾರ, ದಿನಸಿ ಅಂಗಡಿಯಲ್ಲಿ ಬಿಲ್ ಮಾಡುವ ಶೆಲ್ಬಿ ಎಂಬ ಹುಡುಗಿ ನೆಲಮಾಳಿಗೆಯ ಮೆಟ್ಟಿಲ ಮೇಲೆ ಬಂದು ನಿಂತಳು. ಎದೆಗೆ ಒತ್ತಿಕೊಂಡ ದಿಂಬಿನ ಚೀಲದಿಂದ ಬೆಕ್ಕಿನ ತಲೆ ಮಾತ್ರ ಕಾಣುತ್ತಿತ್ತು. ಅರ್ಧ ಮೆಟ್ಟಿಲು ಇಳಿದವಳು ಅಲ್ಲೇ ನಿಂತುಬಿಟ್ಟಳು.

“ಬಾಬ ಬರ್ನಿಸ್…” ಅಜ್ಜಿಯರನ್ನು ಇಲ್ಲಿನ ಮಕ್ಕಳು ಕರೆಯುವುದು ಹಾಗೆ. “ನಾನು… ನನ್ನ ಹುಡುಗನ ಅಮ್ಮ ಹೇಳಿದ್ರು ಅಂತ…” ಕಣ್ಣು ಆಗಲೇ ತುಂಬಿತ್ತು. ಚೀಲದ ಕೆಳಗೆ ಎರಡು ಕಡೆ ಕೆಂಪಗೆ ನೆನೆದಿತ್ತು.

ಬರ್ನಿಸ್‌ಳ ಕತ್ತಿನ ನರ ಎದ್ದು ನಿಂತದ್ದನ್ನು ಕೋಣೆಯಲ್ಲಿದ್ದವರೆಲ್ಲ ಕಂಡರು. ಡ್ರೈಯರಿನ ಕೆಳಗೆ ಕೂತಿದ್ದ ಟಿಲ್ಲಿ ಮಡಚದ ಹೆಬ್ಬೆರಳಿನ ಕೈಯಿಂದ ಆ ಬುಟ್ಟಿಯನ್ನು ತಲೆಯಿಂದ ಮೇಲಕ್ಕೆತ್ತಿದಳು.

“ಇಳಿದು ಬಾ ಮಗಾ, ಏನಿದ್ರೂ ಹೇಳು” ಎಂದಳು. “ಅವಳು ಈಗ ಕಚ್ಚಲ್ಲ.”

ಬರ್ನಿಸ್ ಗೋಡೆಯ ಹತ್ತಿರ ಹೋಗಿ, ರಾಶಿಯಿಂದ ಒಂದು ಹಿಡಿ ಹಳೆಯ ಪೇಪರ್ ಇಳಿಸಿಕೊಂಡು, ನೆಲದ ಮೇಲೆ ಕೂತು ಸಣ್ಣಗೆ ಹರಿಯತೊಡಗಿದಳು.